ನರದೂತರನ್ನು ಎಣಿಸುವ ಪಿಂಗಾಣಿ

ಪಿಂಗಾಣಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಉಪ್ಪಿನಕಾಯಿಯ ಭರಣಿ, ಚಹದ ಬಟ್ಟಲು, ವಿದ್ಯುತ್ ಕಂಬದ ಮೇಲೆ ತಂತಿಯನ್ನು ಹೊತ್ತು ನಿಂತಿರುವ ಬಿಳಿಯ ಗುಂಡು. ಹುಳಿಗೆ ಕರಗದ, ಬೆಂಕಿಗೆ ಬೆದರದ, ವಿದ್ಯುತ್ತನ್ನು ಹಾಯಗೊಡದ ಈ ವಸ್ತುವನ್ನು ಜಡತ್ವದ ಮಾದರಿಯೆಂದೇ ನಾವು ತಿಳಿದಿದ್ದೇವೆ. ಆದರೆ ಇದೇ ಕುಲಕ್ಕೆ ಸೇರಿದ ಕೆಲವು ವಸ್ತುಗಳ ಮೇಲೆ ತಕ್ಕ ಬಣ್ಣದ ಬೆಳಕು ಬಿದ್ದರೆ ಅವುಗಳ ಶೀಲವೇ ಬದಲಾಗುತ್ತದೆ. ಆಗ ಅವು ತಮ್ಮನ್ನು ಮುಟ್ಟಿದ ಕೆಲವು ಅಣುಗಳಿಂದ ಎಲೆಕ್ಟ್ರಾನುಗಳನ್ನು ಸೆಳೆದು, ಆ ಲೆಕ್ಕವನ್ನು ವಿದ್ಯುತ್ಪ್ರವಾಹದ ರೂಪದಲ್ಲಿ ನಮಗೆ ಒಪ್ಪಿಸುತ್ತವೆ. ಈ ಗುಣವನ್ನು ಬಳಸಿಕೊಂಡು, ಮಿದುಳಿನ ಸಂದೇಶಗಳನ್ನು ಸಾಗಿಸುವ ಅಣುಗಳನ್ನು ಅಳೆಯುವ ಯತ್ನ ಈಚಿನ ವರ್ಷಗಳಲ್ಲಿ ಅನೇಕ ಪ್ರಯೋಗಶಾಲೆಗಳಲ್ಲಿ ನಡೆದಿದೆ. ಅದರ ತತ್ತ್ವವೇನು, ಅದರಿಂದ ಯಾರಿಗೆ ಪ್ರಯೋಜನ, ಅದರ ಇತಿಮಿತಿಗಳೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ನರಗಳ ನಡುವಣ ದೂತರು

ನಮ್ಮ ನರಮಂಡಲವು ಕೋಟ್ಯಂತರ ನರಕೋಶಗಳಿಂದ ಆದುದು. ಒಂದು ನರಕೋಶದ ಉದ್ದಕ್ಕೂ ಸುದ್ದಿ ಹರಿಯುವುದು ವಿದ್ಯುತ್ ಸ್ಪಂದನದ ರೂಪದಲ್ಲಿ. ಆದರೆ ಒಂದು ಕೋಶದ ತುದಿಗೂ ಮುಂದಿನ ಕೋಶಕ್ಕೂ ನಡುವೆ ಸಾಮಾನ್ಯವಾಗಿ ಅತಿ ಕಿರಿದಾದ ಒಂದು ಕಂಡಿ ಇರುತ್ತದೆ. ಅದರ ಅಗಲ ಒಂದು ಮಿಲಿಮೀಟರಿನ ಸುಮಾರು ಐವತ್ತು ಸಾವಿರದಲ್ಲಿ ಒಂದು ಪಾಲು. ಹೊಳೆಯ ದಡಕ್ಕೆ ಬಂದ ಓಲೆಕಾರನು ಓಲೆಯನ್ನು ಅಂಬಿಗನ ಕೈಗೆ ಒಪ್ಪಿಸುವಂತೆ, ಇಲ್ಲಿ ಸಂದೇಶವು ವಿದ್ಯುತ್ತಿನ ಕೈಯಿಂದ ರಾಸಾಯನಿಕ ವಸ್ತುವಿನ ಕೈಗೆ ಹೋಗುತ್ತದೆ. ಕಂಡಿಯನ್ನು ದಾಟಿ ಸುದ್ದಿ ಮುಟ್ಟಿಸುವ ಈ ವಸ್ತುಗಳಿಗೆ ನರಪ್ರೇಷಕಗಳೆಂದು ಹೆಸರು.

ಇಂತಹ ದೂತರು ಇದ್ದಾರೆಂಬುದನ್ನು ಸ್ಪಷ್ಟವಾಗಿ ತೋರಿಸಿದವನು ಆಟೊ ಲೋವಿ. ೧೯೨೧ರಲ್ಲಿ ಅವನು ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ನಡೆಸಿದ ಪ್ರಯೋಗ ಬಹಳ ಸರಳವಾದುದು. ಎರಡು ಕಪ್ಪೆಗಳ ಹೃದಯಗಳನ್ನು ತೆಗೆದು, ಲವಣದ್ರಾವಣದಲ್ಲಿ ಮಿಡಿಯುತ್ತಿರುವಂತೆ ಅವನು ಇಟ್ಟನು. ಮೊದಲನೆಯ ಹೃದಯಕ್ಕೆ ಸೇರಿದ ವೇಗಸ್ ನರವನ್ನು ಪ್ರಚೋದಿಸಿದಾಗ ಅದರ ಮಿಡಿತ ನಿಧಾನವಾಯಿತು. ಆ ಹೃದಯವನ್ನು ತೊಳೆದ ದ್ರಾವಣವನ್ನು ತೆಗೆದು ಎರಡನೆಯ ಹೃದಯಕ್ಕೆ ಸೇರಿಸಿದಾಗ, ಯಾವ ನರದ ಪ್ರಚೋದನೆಯೂ ಇಲ್ಲದೆ ಅದರ ಮಿಡಿತವೂ ನಿಧಾನವಾಯಿತು. ನರದ ಆಜ್ಞೆಯು ನೀರಿನಲ್ಲಿ ಕರಗಿದ ವಸ್ತುವಾಗಿ ಬಂದಿದೆ ಎಂಬುದರಲ್ಲಿ ಇನ್ನು ಸಂಶಯ ಉಳಿಯಲಿಲ್ಲ. ಆ ವಸ್ತು ಅಸಿಟೈಲ್ ಕೋಲೀನ್. ಈ ಕ್ಷೇತ್ರದ ಕೆಲಸಕ್ಕಾಗಿ ಲೋವಿಗೂ ಹೆನ್ರಿ ಡೇಲ್‌ಗೂ ೧೯೩೬ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ದೂತನು ಬಾರದಿದ್ದರೆ

ನಮ್ಮ ವಿಷಯಕ್ಕೆ ಮುಖ್ಯವಾದ ನರಪ್ರೇಷಕ ಡೋಪಮೀನು. ಇದರ ಕಥೆಯಲ್ಲಿ ನಮ್ಮ ದೇಶದ ಒಂದು ಗಿಡವೂ ಪಾತ್ರ ವಹಿಸಿದೆ. ಸರ್ಪಗಂಧಿಯ ಬೇರಿನಿಂದ ೧೯೫೨ರಲ್ಲಿ ರೆಸರ್ಪೀನ್ ಎಂಬ ಔಷಧವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿಯು ೧೯೫೭ರಲ್ಲಿ ಈ ಔಷಧವನ್ನು ಮೊಲಗಳಿಗೆ ಕೊಟ್ಟನು. ಮೊಲಗಳು ಕಿವಿ ಜೋಲುಹಾಕಿ, ಅಲುಗಾಡದೆ ಮುದುರಿಕೊಂಡುವು. ಬಳಿಕ ಅವುಗಳಿಗೆ ಎಲ್-ಡೋಪ ಎಂಬ ವಸ್ತುವನ್ನು ಚುಚ್ಚಿದಾಗ ಅವು ಎದ್ದು ಮೊದಲಿನಂತೆ ಚಲಿಸತೊಡಗಿದುವು. ಎಲ್-ಡೋಪ ಶರೀರದೊಳಗೆ ಡೋಪಮೀನಾಗಿ ಮಾರ್ಪಡುತ್ತದೆ. ಮರುವರ್ಷ ಕಾರ್ಲ್‌ಸನ್ ಮತ್ತು ಅವನ ಸಂಗಡಿಗರು, ಡೋಪಮೀನು ಮಿದುಳಿನಲ್ಲಿ ಸ್ವಭಾವತಃ ಇದೆಯೆಂದೂ ರೆಸರ್ಪೀನು ಅದನ್ನು ಬರಿದುಮಾಡುತ್ತದೆಂದೂ ಅಳೆದು ತೋರಿಸಿದರು. ಅಳತೆಗೆ ಅವರು ನೆಚ್ಚಿದ್ದು ಬೆಳಕನ್ನೇ: ಡೋಪಮೀನಿನಿಂದ ಪಡೆದ ಒಂದು ವಸ್ತು ತಕ್ಕ ಬೆಳಕಿನಲ್ಲಿ ಮಿನುಗುವ ಗುಣವನ್ನು.

ಈಗ ಕಂಪವಾತದ ಕಡೆಗೆ ಗಮನ ಕೊಡೋಣ. ಕೈ ನಡುಗುವುದು, ಮೈ ಬಿಗಿಯುವುದು, ಹೆಜ್ಜೆ ಎತ್ತಿಡಲು ತಡೆಯಾಗುವುದು, ಮುಖದ ಭಾವ ಇಂಗುವುದು ಇದರ ಲಕ್ಷಣಗಳು. ೧೮೧೭ರಲ್ಲಿ ಇದನ್ನು ವಿಶದವಾಗಿ ವರ್ಣಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ನನ ಹೆಸರೇ ರೋಗಕ್ಕೆ ನಿಂತಿದೆ. ೧೯೬೦ರಲ್ಲಿ ವಿಯೆನ್ನಾದ ಏರಿಂಗರ್ ಮತ್ತು ಹಾರ್ನಿಕೀವಿಚ್ ಎಂಬವರು, ಈ ರೋಗದಿಂದ ಸತ್ತವರ ಮಿದುಳಿನಲ್ಲಿ ಚಲನೆಯನ್ನು ನಿಯಂತ್ರಿಸುವ ಭಾಗಗಳಲ್ಲಿ ಡೋಪಮೀನು ತೀರ ಕಡಿಮೆಯಾಗಿರುವುದನ್ನು ಕಂಡರು. ೧೯೬೭ರಲ್ಲಿ ಅಮೆರಿಕದ ಕಾಟ್ಜಿಯಸ್ ಎಂಬ ವೈದ್ಯನು ಎಲ್-ಡೋಪವನ್ನು ದೊಡ್ಡ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟು ರೋಗಿಗಳನ್ನು ಮತ್ತೆ ನಡೆದಾಡಿಸಿದನು. ಇಂದಿಗೂ ಈ ರೋಗಕ್ಕೆ ಮುಖ್ಯವಾದ ಔಷಧ ಇದೇ. ಮೈಗೆ ತಾಗಿದರೆ ತುರಿಕೆ ಹುಟ್ಟಿಸುವ ನಸುಗುನ್ನಿಯ ಕಾಯಿಯೊಳಗಿನ ಬೀಜದಲ್ಲಿ ಎಲ್-ಡೋಪ ಸ್ವಾಭಾವಿಕವಾಗಿಯೇ ಉಂಟು.

ಡೋಪಮೀನನ್ನೇ ಏಕೆ ಕೊಡಬಾರದು ಎಂದು ವಾಚಕರು ಕೇಳಬಹುದು. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಬಿಗಿಯಾದ ತಡೆಗೋಡೆ ಇದೆ. ಡೋಪಮೀನು ಅದನ್ನು ದಾಟಲಾರದು, ಎಲ್-ಡೋಪ ದಾಟಬಲ್ಲದು. ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬೇಕಾಗುತ್ತದೆ.

ಅಳೆಯುವುದು ಏಕೆ ಕಷ್ಟ?

ಮಿದುಳಿನ ಕೋಶಗಳ ನಡುವಣ ದ್ರವದಲ್ಲಿ ಡೋಪಮೀನಿನ ಪ್ರಮಾಣವನ್ನು ನ್ಯಾನೊಮೋಲುಗಳಲ್ಲಿ ಹೇಳುತ್ತಾರೆ. ಒಂದು ಮೋಲ್ ಡೋಪಮೀನು ಎಂದರೆ ಸುಮಾರು ೧೫೩ ಗ್ರಾಂ. ನ್ಯಾನೊಮೋಲ್ ಎಂದರೆ ಅದರ ನೂರು ಕೋಟಿಯಲ್ಲಿ ಒಂದು ಪಾಲು. ಲೀಟರಿಗೆ ೧೦ ನ್ಯಾನೊಮೋಲ್ ಇರುವ ದ್ರಾವಣ ಬೇಕಾದರೆ, ಒಂದು ಗ್ರಾಂ ಡೋಪಮೀನನ್ನು ಸುಮಾರು ಆರೂವರೆ ಲಕ್ಷ ಲೀಟರ್ ನೀರಿನಲ್ಲಿ ಕದಡಬೇಕು. ಹತ್ತು ಸಾವಿರ ಲೀಟರ್ ಹಿಡಿಯುವ ನೀರಿನ ಲಾರಿಗಳಾದರೆ ಅರವತ್ತೈದು! ಅದರಿಂದ ಒಂದು ಹನಿ ತೆಗೆದು, ಅದರಲ್ಲಿ ಡೋಪಮೀನು ಎಷ್ಟಿದೆ ಎಂದು ಹೇಳಬೇಕಾಗಿದೆ.

ಆದರೂ ಪ್ರಕೃತಿ ನಮಗೊಂದು ಸುಳಿವನ್ನು ಕೊಟ್ಟಿದೆ. ಡೋಪಮೀನಿನ ಅಣುವಿನಲ್ಲಿ ಆರು ಇಂಗಾಲಗಳ ಒಂದು ಉಂಗುರವಿದ್ದು, ಅದರ ಅಕ್ಕಪಕ್ಕದ ಎರಡು ಇಂಗಾಲಗಳಿಗೆ ಆಮ್ಲಜನಕ-ಜಲಜನಕದ ಒಂದೊಂದು ಜೋಡಿ ಅಂಟಿಕೊಂಡಿದೆ. ಈ ರಚನೆಗೆ ಕ್ಯಾಟಿಕಾಲ್ ಎಂದು ಹೆಸರು. ಕ್ಯಾಟಿಕಾಲು ತನ್ನ ಎರಡು ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಟ್ಟು ಕ್ವಿನೋನ್ ಆಗುತ್ತದೆ. ಅಂದರೆ ಉತ್ಕರ್ಷಣ ಹೊಂದುತ್ತದೆ. ಇದನ್ನು ಮನೆಯಲ್ಲಿಯೇ ನೋಡಬಹುದು. ಬಾಳೆಹಣ್ಣಿನಲ್ಲಿ ಡೋಪಮೀನು ಹೇರಳವಾಗಿದೆ. ಸುಲಿದು ಕತ್ತರಿಸಿಟ್ಟ ಹಣ್ಣು ಸ್ವಲ್ಪ ಹೊತ್ತಿನಲ್ಲೇ ಕಂದುಬಣ್ಣಕ್ಕೆ ತಿರುಗುವುದಕ್ಕೆ ಮುಖ್ಯ ಕಾರಣ, ಹಣ್ಣಿನಲ್ಲಿರುವ ಕಿಣ್ವವೊಂದು ಗಾಳಿಯ ಆಮ್ಲಜನಕದ ನೆರವಿನಿಂದ ಆ ಡೋಪಮೀನನ್ನು ಉತ್ಕರ್ಷಿಸುವುದೇ. ಬಾಳೆಹಣ್ಣನ್ನು ತಿಂದರೆ ಮಿದುಳಿಗೆ ಡೋಪಮೀನು ದೊರೆಯುವುದೇ ಎಂದರೆ ಇಲ್ಲ. ಮೇಲೆ ಹೇಳಿದ ತಡೆಗೋಡೆ ಅಡ್ಡ ನಿಂತಿದೆ.

ಡೋಪಮೀನು ಎಲೆಕ್ಟ್ರಾನುಗಳನ್ನು ಬಿಡುತ್ತದೆಯಾದರೆ ಆ ಎಲೆಕ್ಟ್ರಾನುಗಳನ್ನು ಒಂದು ತಂತಿಯಲ್ಲಿ ಹಿಡಿದು ಎಣಿಸಬಹುದಲ್ಲವೆ? ಅಮೆರಿಕದ ಕನ್ಸಾಸ್ ವಿಶ್ವವಿದ್ಯಾನಿಲಯದ ರಾಲ್ಫ್ ಆಡಮ್ಸ್ ಮತ್ತು ಅವನ ಸಂಗಡಿಗರು ೧೯೭೩ರಲ್ಲಿ ಇಲಿಯ ಮಿದುಳಿನಲ್ಲಿ ಇಂಗಾಲದ ವಿದ್ಯುದಗ್ರವನ್ನಿಟ್ಟು ಈ ದಾರಿಯನ್ನು ತೆರೆದರು. ಆಗಲೇ ಒಂದು ದೊಡ್ಡ ತೊಡಕೂ ಎದುರಾಯಿತು. ಮಿದುಳಿನ ದ್ರವದಲ್ಲಿ ಆಸ್ಕಾರ್ಬಿಕ್ ಆಮ್ಲ, ಎಂದರೆ ಸಿ ಜೀವಸತ್ತ್ವ, ಡೋಪಮೀನಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿದೆ. ಅದೂ ಹೆಚ್ಚುಕಡಮೆ ಅದೇ ವೋಲ್ಟೇಜಿನಲ್ಲಿ ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಜಾತ್ರೆಯ ಗದ್ದಲದಲ್ಲಿ ಒಂದು ಮಗುವಿನ ಪಿಸುಮಾತನ್ನು ಕೇಳಿಸಿಕೊಳ್ಳುವಷ್ಟು ಕಷ್ಟದ ಕೆಲಸವಿದು.

ಬೆಳಕಿನ ಪ್ರವೇಶ

ದ್ರಾವಣದಲ್ಲಿ ಮುಳುಗಿದ ಲೋಹದ ಫಲಕದ ಮೇಲೆ ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟಬಹುದೆಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ೧೮೩೯ರಷ್ಟು ಹಿಂದೆಯೇ ಕಂಡಿದ್ದನು. ಆಗ ಅವನಿಗೆ ಇನ್ನೂ ಹತ್ತೊಂಬತ್ತು ವರ್ಷ. ೧೯೭೨ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಎಂಬವರು ಟೈಟೇನಿಯಂ ಡಯಾಕ್ಸೈಡಿನ ವಿದ್ಯುದಗ್ರದ ಮೇಲೆ ಅತಿನೇರಳೆ ಬೆಳಕನ್ನು ಬೀರಿ ನೀರನ್ನು ಒಡೆಯಬಹುದೆಂದು ಪ್ರಕಟಿಸಿದ ಮೇಲೆ ಈ ಪಿಂಗಾಣಿ ಜಗತ್ತಿನ ಗಮನವನ್ನು ಸೆಳೆಯಿತು.

ಟೈಟೇನಿಯಂ ಡಯಾಕ್ಸೈಡು ನಮಗೆ ಹೊಸದಲ್ಲ. ಗೋಡೆಗೆ ಬಳಿಯುವ ಬಿಳಿಯ ಬಣ್ಣದ ಜೀವಾಳ ಅದೇ. ಕೇರಳದ ಚವರದ ಕಡಲತೀರದ ಕರಿಮರಳಿನಲ್ಲಿರುವ ಇಲ್ಮನೈಟ್ ಎಂಬ ಖನಿಜದಿಂದ ಅದನ್ನು ಪಡೆಯಬಹುದು. ಅದು ಅರೆವಾಹಕ ವರ್ಗಕ್ಕೆ ಸೇರಿದುದು. ಅರೆವಾಹಕದೊಳಗಿನ ಎಲೆಕ್ಟ್ರಾನುಗಳಿಗೆ ಎರಡು ಅಂತಸ್ತುಗಳಿವೆಯೆಂದು ಭಾವಿಸೋಣ. ಕೆಳ ಅಂತಸ್ತು ಕಿಕ್ಕಿರಿದು ತುಂಬಿದೆ. ಅಲ್ಲಿ ಯಾರಿಗೂ ಅಲುಗಾಡಲು ಎಡೆಯಿಲ್ಲ. ಮೇಲಂತಸ್ತು ಬರಿದಾಗಿದೆ, ಅಲ್ಲಿಗೆ ಏರಿದವನು ಸ್ವೇಚ್ಛೆಯಾಗಿ ಓಡಾಡಬಲ್ಲನು. ನಡುವೆ ಮೆಟ್ಟಿಲಿಲ್ಲ, ಒಂದೇ ನೆಗೆತಕ್ಕೆ ಏರಬೇಕು. ಅನಟೇಸ್ ರೂಪದ ಟೈಟೇನಿಯಂ ಡಯಾಕ್ಸೈಡಿನಲ್ಲಿ ಈ ನೆಗೆತಕ್ಕೆ ಬೇಕಾದ ಶಕ್ತಿ ಸುಮಾರು ೩.೨ ಎಲೆಕ್ಟ್ರಾನ್ ವೋಲ್ಟ್.

ಬೆಳಕು ಕಣಕಣಗಳಾಗಿ ಬರುತ್ತದೆ. ೧೨೪೦ ಎಂಬ ಸಂಖ್ಯೆಯನ್ನು ನ್ಯಾನೊಮೀಟರುಗಳಲ್ಲಿ ಹೇಳಿದ ತರಂಗಾಂತರದಿಂದ ಭಾಗಿಸಿದರೆ ಒಂದು ಕಣದ ಶಕ್ತಿ ಎಲೆಕ್ಟ್ರಾನ್ ವೋಲ್ಟುಗಳಲ್ಲಿ ದೊರೆಯುತ್ತದೆ. ೫೫೦ ನ್ಯಾನೊಮೀಟರಿನ ಹಸಿರು ಬೆಳಕಿಗೆ ಅದು ೨.೨೫ ಮಾತ್ರ, ನೆಗೆತಕ್ಕೆ ಸಾಲದು. ೩೮೮ ನ್ಯಾನೊಮೀಟರಿಗಿಂತ ಗಿಡ್ಡ ತರಂಗಗಳ, ಅಂದರೆ ಅತಿನೇರಳೆ ಬೆಳಕಿನ, ಕಣಗಳಿಗೆ ಮಾತ್ರ ಆ ಕಸುವುಂಟು. ಅಂತಹ ಒಂದು ಕಣ ಬಿದ್ದಾಗ ಎಲೆಕ್ಟ್ರಾನು ಮೇಲಕ್ಕೆ ನೆಗೆಯುತ್ತದೆ. ಕೆಳಗೆ ಅದರ ಸ್ಥಾನ ತೆರವಾಗುತ್ತದೆ. ಮೇಲೇರಿದ ಎಲೆಕ್ಟ್ರಾನು ತಂತಿಯ ಕಡೆಗೆ ಹರಿಯುತ್ತದೆ. ತೆರವು ಮೇಲ್ಮೈಗೆ ಬಂದು, ಅಲ್ಲಿರುವ ಡೋಪಮೀನಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ತನ್ನನ್ನು ತುಂಬಿಕೊಳ್ಳುತ್ತದೆ. ಡೋಪಮೀನು ಹೆಚ್ಚಿದಷ್ಟೂ ತೆರವುಗಳು ಬೇಗ ತುಂಬುತ್ತವೆ, ಪ್ರವಾಹವೂ ಏರುತ್ತದೆ.

ಆದರೆ ಈ ತೆರವು ಅತಿಯಾದ ಹಸಿವಿನದು. ಎದುರಿಗೆ ಸಿಕ್ಕಿದ ಹೆಚ್ಚಿನ ಅಣುಗಳಿಂದಲೂ ಎಲೆಕ್ಟ್ರಾನನ್ನು ಕಿತ್ತುಕೊಳ್ಳಬಲ್ಲದು. ಹೀಗಾಗಿ ಅತಿನೇರಳೆ ಬೆಳಕಿನಲ್ಲಿ ಡೋಪಮೀನನ್ನು ಮಾತ್ರ ಆರಿಸುವುದು ಸುಲಭವಲ್ಲ. ಇಲ್ಲಿ ಮತ್ತೊಂದು ಗುಣ ನೆರವಿಗೆ ಬರುತ್ತದೆ. ಕ್ಯಾಟಿಕಾಲಿನ ಎರಡು ಆಮ್ಲಜನಕಗಳು ಚಿಮಟದ ಎರಡು ಬಾಯಿಗಳಂತೆ ಟೈಟೇನಿಯಂ ಪರಮಾಣುವನ್ನು ಕಚ್ಚಿ ಹಿಡಿಯುತ್ತವೆ. ಹಾಗೆ ಹಿಡಿದಾಗ ಬಿಳಿಯ ಪುಡಿ ಹಳದಿಗೆಂಪಿಗೆ ತಿರುಗುತ್ತದೆ. ಬಣ್ಣ ಬಂದಿತೆಂದರೆ ಕಣ್ಣಿಗೆ ಕಾಣುವ ಬೆಳಕನ್ನು ಹೀರತೊಡಗಿತೆಂದೇ ಅರ್ಥ. ಈ ಸ್ಥಿತಿಯಲ್ಲಿ ಎಲೆಕ್ಟ್ರಾನು ಪಿಂಗಾಣಿಯ ಕೆಳ ಅಂತಸ್ತಿನಿಂದ ಏರಬೇಕಾಗಿಲ್ಲ; ಡೋಪಮೀನಿನಿಂದಲೇ ನೇರವಾಗಿ ಪಿಂಗಾಣಿಯ ಮೇಲಂತಸ್ತಿಗೆ ನೆಗೆಯುತ್ತದೆ. ಈ ನೆಗೆತ ಗಿಡ್ಡದಾದ ಕಾರಣ ನೀಲಿ ಅಥವಾ ಹಸಿರು ಬೆಳಕೇ ಸಾಕು. ಬರಿಯ ಟೈಟೇನಿಯಂ ಡಯಾಕ್ಸೈಡು ಆ ಬೆಳಕಿಗೆ ಸುಮ್ಮನಿರುತ್ತದೆ. ಕ್ಯಾಟಿಕಾಲು ಕಚ್ಚಿಕೊಂಡ ಟೈಟೇನಿಯಂ ಡಯಾಕ್ಸೈಡು ಉತ್ತರ ಕೊಡುತ್ತದೆ. ಸುಮ್ಮನಿದ್ದುದು ಮಾತಾಡಿತೆಂಬುದೇ ಇಲ್ಲಿ ಸಾಕ್ಷ್ಯ.

ಉಪಕರಣದ ರಚನೆ ಮತ್ತು ಲೆಕ್ಕ

ವಿದ್ಯುತ್ತನ್ನು ಹಾಯಗೊಡುವಂತೆ ತವರದ ಆಕ್ಸೈಡನ್ನು ಲೇಪಿಸಿದ ಗಾಜಿನ ಮೇಲೆ, ಅತಿ ಸಣ್ಣ ಕಣಗಳ ಟೈಟೇನಿಯಂ ಡಯಾಕ್ಸೈಡಿನ ಸರಿಯನ್ನು ತೆಳ್ಳಗೆ ಬಳಿದು ಸುಮಾರು ೪೫೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಡುತ್ತಾರೆ. ಕುಂಬಾರನ ಆವಿಗೆಯಲ್ಲಿ ಮಡಕೆಯ ಮಣ್ಣು ಬೆಸೆದುಕೊಳ್ಳುವಂತೆ ಇಲ್ಲಿಯೂ ಕಣಗಳು ಒಂದಕ್ಕೊಂದು ಬೆಸೆದುಕೊಂಡು, ನಡುವೆ ಸಣ್ಣ ಸಣ್ಣ ರಂಧ್ರಗಳುಳ್ಳ ಪದರವಾಗುತ್ತದೆ. ರಂಧ್ರಗಳಿರುವುದರಿಂದ ಅಣುಗಳು ಕಚ್ಚಿಕೊಳ್ಳುವ ಮೇಲ್ಮೈ ಬಹಳ ಹೆಚ್ಚುತ್ತದೆ. ಇದು ಮೊದಲನೆಯ ವಿದ್ಯುದಗ್ರ. ಪ್ಲಾಟಿನಮ್ ತಂತಿ ಎರಡನೆಯದು. ವೋಲ್ಟೇಜನ್ನು ಹೋಲಿಸಿ ನೋಡಲು ಬೆಳ್ಳಿ ಮತ್ತು ಬೆಳ್ಳಿಯ ಕ್ಲೋರೈಡಿನಿಂದ ಮಾಡಿದ ಮೂರನೆಯದೊಂದಿರುತ್ತದೆ. ಇವು ಮೂರನ್ನೂ ಪರೀಕ್ಷಿಸಬೇಕಾದ ದ್ರಾವಣದಲ್ಲಿ ಮುಳುಗಿಸಿ, ಬೆಳಕನ್ನು ಬಿಟ್ಟುಬಿಟ್ಟು ಹಾಯಿಸುತ್ತಾರೆ.

ಬೆಳಕನ್ನು ಏಕೆ ಬಿಟ್ಟುಬಿಟ್ಟು ಹಾಯಿಸಬೇಕು? ಕತ್ತಲೆಯಲ್ಲಿಯೂ ಯಾವುದೋ ಕಾರಣದಿಂದ ಅಲ್ಪಸ್ವಲ್ಪ ಪ್ರವಾಹ ಇದ್ದೇ ಇರುತ್ತದೆ. ಬೆಳಕಿದ್ದಾಗಿನ ಪ್ರವಾಹದಿಂದ ಅದನ್ನು ಕಳೆದರೆ ಬೆಳಕಿನ ಕೊಡುಗೆ ಮಾತ್ರ ಉಳಿಯುತ್ತದೆ. ಪ್ರಶ್ನೆ ಬೆಳಕಿನ ರೂಪದಲ್ಲಿ, ಉತ್ತರ ವಿದ್ಯುತ್ತಿನ ರೂಪದಲ್ಲಿ. ಎರಡೂ ಬೇರೆಬೇರೆಯಾದುದರಿಂದ ಪ್ರಶ್ನೆಯ ಸದ್ದು ಉತ್ತರದಲ್ಲಿ ಬೆರೆಯುವುದಿಲ್ಲ. ಈ ವಿಧಾನದ ಮುಖ್ಯವಾದ ಮೇಲ್ಮೆ ಇದೇ.

ಲೆಕ್ಕದ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಕತ್ತಲೆಯ ಪ್ರವಾಹವನ್ನು ಕಳೆದ ಮೇಲೆ, ಡೋಪಮೀನಿಲ್ಲದ ದ್ರಾವಣದಲ್ಲಿ ೩೦ ನ್ಯಾನೊಆಂಪಿಯರ್, ಲೀಟರಿಗೆ ೧ ಮೈಕ್ರೊಮೋಲ್ ಇರುವಾಗ ೭೦, ೨ ಮೈಕ್ರೊಮೋಲ್ ಇರುವಾಗ ೧೧೦ ಬಂದಿತೆನ್ನೋಣ. ಪ್ರತಿ ಮೈಕ್ರೊಮೋಲಿಗೂ ೪೦ರಂತೆ ಏರಿಕೆ. ಪರೀಕ್ಷೆಯ ದ್ರಾವಣ ೯೦ನ್ನು ತೋರಿಸಿದರೆ, ೯೦ರಿಂದ ೩೦ನ್ನು ಕಳೆದು ೪೦ರಿಂದ ಭಾಗಿಸಿ, ಅದರಲ್ಲಿ ೧.೫ ಮೈಕ್ರೊಮೋಲ್ ಇದೆಯೆಂದು ಹೇಳುತ್ತೇವೆ. ಈ ಸರಳರೇಖೆ ಒಂದು ಮಿತಿಯವರೆಗೆ ಮಾತ್ರ. ಕಚ್ಚಿಕೊಳ್ಳುವ ಸ್ಥಾನಗಳೆಲ್ಲ ತುಂಬಿದ ಬಳಿಕ ಡೋಪಮೀನನ್ನು ಎಷ್ಟು ಹೆಚ್ಚಿಸಿದರೂ ಪ್ರವಾಹ ಅದೇ ಪ್ರಮಾಣದಲ್ಲಿ ಏರದು. ಒಂದು ನ್ಯಾನೊಆಂಪಿಯರ್ ಎಂದರೆ ಎಷ್ಟು ಅಲ್ಪವೆಂದು ತೋರಬಹುದು. ಆದರೆ ಅಷ್ಟರಲ್ಲೇ ಸೆಕೆಂಡಿಗೆ ಸುಮಾರು ೬೨೪ ಕೋಟಿ ಎಲೆಕ್ಟ್ರಾನುಗಳು ಹರಿಯುತ್ತವೆ. ಅಣುವಿಗೆ ಎರಡರಂತೆ ಎಣಿಸಿದರೆ ಅದು ೩೧೨ ಕೋಟಿ ಅಣುಗಳ ಲೆಕ್ಕ. ಸಣ್ಣ ಪ್ರವಾಹಗಳನ್ನು ಅಳೆಯುವ ಕಲೆ ಇಂದು ಚೆನ್ನಾಗಿ ಬೆಳೆದಿರುವುದರಿಂದಲೇ ಈ ವಿಧಾನ ಸಾಧ್ಯವಾಗಿದೆ.

ತೊಡಕುಗಳು

ಆಸ್ಕಾರ್ಬಿಕ್ ಆಮ್ಲದ ಕಾಟ ಇಲ್ಲಿಯೂ ಪೂರ್ತಿಯಾಗಿ ತಪ್ಪುವುದಿಲ್ಲ. ಅದಕ್ಕೂ ಟೈಟೇನಿಯಮ್ಮನ್ನು ಕಚ್ಚಿಕೊಳ್ಳುವ ಶಕ್ತಿ ಉಂಟು. ಆದರೆ ಶರೀರದ ದ್ರವಗಳಲ್ಲಿ ಡೋಪಮೀನು ಧನ ವಿದ್ಯುದಂಶವನ್ನೂ ಆಸ್ಕಾರ್ಬಿಕ್ ಆಮ್ಲವು ಋಣ ವಿದ್ಯುದಂಶವನ್ನೂ ಹೊತ್ತಿರುತ್ತವೆ. ಆದುದರಿಂದ ಪಿಂಗಾಣಿಯ ಮೇಲೆ ಋಣ ವಿದ್ಯುದಂಶವುಳ್ಳ ನ್ಯಾಫಿಯಾನ್ ಎಂಬ ಪ್ಲಾಸ್ಟಿಕ್ಕಿನ ತೆಳುಪೊರೆಯನ್ನು ಹೊದಿಸಿದರೆ, ಅದು ಬಾಗಿಲು ಕಾಯುವವನಂತೆ ಡೋಪಮೀನನ್ನು ಒಳಗೆ ಬಿಟ್ಟು ಆಸ್ಕಾರ್ಬಿಕ್ ಆಮ್ಲವನ್ನು ಬಹುಮಟ್ಟಿಗೆ ಹೊರಗೆ ತಡೆಯುತ್ತದೆ.

ಎರಡನೆಯ ತೊಡಕನ್ನು ಬಾಳೆಹಣ್ಣೇ ತೋರಿಸಿಕೊಟ್ಟಿದೆ. ಉತ್ಕರ್ಷಣ ಹೊಂದಿದ ಡೋಪಮೀನಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಕಪ್ಪಾದ ಅಂಟಿನಂತಹ ವಸ್ತುವಾಗಿ ವಿದ್ಯುದಗ್ರವನ್ನು ಮುಚ್ಚುತ್ತವೆ. ಹೀಗೆ ಮುಚ್ಚಿದ ಇಂಗಾಲದ ವಿದ್ಯುದಗ್ರ ಕ್ರಮೇಣ ಮಂದವಾಗುತ್ತದೆ. ಟೈಟೇನಿಯಂ ಡಯಾಕ್ಸೈಡಿಗೆ ಇಲ್ಲಿ ಒಂದು ಅನುಕೂಲವಿದೆ. ಹಿಂದೆ ದೋಷವೆಂದು ಎಣಿಸಿದ ತೆರವಿನ ಅತಿಯಾದ ಹಸಿವೇ ಈಗ ಗುಣವಾಗುತ್ತದೆ: ಅತಿನೇರಳೆ ಬೆಳಕನ್ನು ಸ್ವಲ್ಪ ಹೊತ್ತು ಬೀರಿದರೆ ಆ ಕೊಳೆ ಸುಟ್ಟುಹೋಗಿ ಮೇಲ್ಮೈ ಶುಭ್ರವಾಗುತ್ತದೆ. ಅಳೆಯಲು ಒಂದು ಬೆಳಕು, ತೊಳೆಯಲು ಇನ್ನೊಂದು.

ಮೂರನೆಯದಾಗಿ, ಎಲ್ಲ ನರಪ್ರೇಷಕಗಳೂ ಡೋಪಮೀನಿನಂತೆ ಉದಾರಿಗಳಲ್ಲ. ನಾರ್ ಅಡ್ರಿನಲೀನು ಮತ್ತು ಸಿರೊಟೋನಿನ್ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಡುತ್ತವೆ. ಲೋವಿ ಕಂಡ ಅಸಿಟೈಲ್ ಕೋಲೀನು ಹಾಗೆ ಬಿಡದು. ಅದನ್ನು ಅಳೆಯಲು ಮೊದಲು ಕಿಣ್ವಗಳ ಮೂಲಕ ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸಿ, ಅದನ್ನು ಅಳೆಯಬೇಕು. ಕಣ್ಣಿಗೆ ಕಾಣುವ ಬೆಳಕನ್ನು ತಾವಾಗಿಯೇ ಹೀರಬಲ್ಲ ಬಿಸ್ಮತ್ ವನಡೇಟ್, ಟಂಗ್‌ಸ್ಟನ್ ಆಕ್ಸೈಡು, ಕಬ್ಬಿಣದ ಆಕ್ಸೈಡು ಮೊದಲಾದ ಬೇರೆ ಪಿಂಗಾಣಿಗಳನ್ನೂ ಪರೀಕ್ಷಿಸುತ್ತಿದ್ದಾರೆ.

ಇದರಿಂದ ಏನು ಲಾಭ?

ಒಂದು ಹನಿ ರಕ್ತದಿಂದ ಕಂಪವಾತವನ್ನು ಕಂಡುಹಿಡಿಯುವ ಯಂತ್ರ ಬಂದೇಬಿಟ್ಟಿತು ಎಂದು ಯಾರಾದರೂ ಹೇಳಿದರೆ ವಾಚಕರು ಮೇಲೆ ಹೇಳಿದ ತಡೆಗೋಡೆಯನ್ನು ನೆನೆಯಬೇಕು. ಮಿದುಳಿನ ಡೋಪಮೀನು ರಕ್ತಕ್ಕೆ ಬಾರದು. ರಕ್ತದ ಡೋಪಮೀನು ಬಹುಪಾಲು ಶರೀರದ ಇತರ ಭಾಗಗಳದು. ಆದುದರಿಂದ ರಕ್ತದ ಅಳತೆಯಿಂದ ಮಿದುಳಿನ ಕೊರತೆಯನ್ನು ಊಹಿಸಲಾಗದು. ಮಿದುಳಿನೊಳಗೇ ಅಳೆಯುವ ಕೆಲಸದಲ್ಲಿ, ಕೂದಲಿಗಿಂತ ತೆಳುವಾದ ಇಂಗಾಲದ ನೂಲುಗಳು ಇಂದಿಗೂ ಮುಂದಿವೆ. ಬೆಳಕನ್ನು ಮಿದುಳಿನ ಆಳಕ್ಕೆ ಒಯ್ಯಲು ಗಾಜಿನ ಎಳೆಯನ್ನು ತೂರಿಸಬೇಕಾಗುವುದರಿಂದ ಪಿಂಗಾಣಿಯ ಸಂವೇದಕಕ್ಕೆ ಆ ದಾರಿ ಸುಲಭವಲ್ಲ.

ಹಾಗಾದರೆ ಪ್ರಯೋಜನವೆಲ್ಲಿ? ಎಳೆಯ ಮಕ್ಕಳಿಗೆ ಬರುವ ನ್ಯೂರೊಬ್ಲಾಸ್ಟೋಮ ಎಂಬ ಗಡ್ಡೆಯಲ್ಲಿ, ಡೋಪಮೀನು ಮತ್ತು ಅದರ ವಿಘಟನೆಯಿಂದಾದ ವಸ್ತುಗಳು ಮೂತ್ರದಲ್ಲಿ ಅನೇಕ ವೇಳೆ ಹೆಚ್ಚಾಗಿರುತ್ತವೆ. ಇವನ್ನು ಅಳೆಯುವ ಈಗಿನ ಯಂತ್ರಗಳು ಬೆಲೆಬಾಳುವಂಥವು. ದೊಡ್ಡ ನಗರಗಳಲ್ಲಿ ಮಾತ್ರ ಸಿಗುವಂಥವು. ಬಿಳಿಯ ಬಣ್ಣದ ಪುಡಿಯಿಂದ ಮಾಡಿದ ಫಲಕ ಮತ್ತು ಒಂದು ಸಣ್ಣ ದೀಪದಿಂದ ಮೊದಲ ಹಂತದ ಶೋಧನೆ ಸಾಧ್ಯವಾದರೆ, ದೂರದ ಊರಿನ ಮಗುವಿನ ರೋಗವೂ ಬೇಗ ಬೆಳಕಿಗೆ ಬರಬಹುದು. ಇನ್ನೊಂದು ಪ್ರಯೋಜನ ಕಂಪವಾತದ ರೋಗಿಗಳಿಗೇ ಸಂಬಂಧಿಸಿದುದು. ಎಲ್-ಡೋಪದ ಪ್ರಮಾಣ ರಕ್ತದಲ್ಲಿ ಒಂದು-ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕೆಲವು ವರ್ಷ ಔಷಧ ತೆಗೆದುಕೊಂಡವರಲ್ಲಿ ಅನೇಕರಿಗೆ ಒಂದು ಗಳಿಗೆ ನಡೆದಾಟ, ಮರುಗಳಿಗೆ ಬಿಗಿತ, ಇನ್ನೊಂದು ಗಳಿಗೆ ತಡೆಯಲಾಗದ ಮೈಯಾಟ ಹೀಗೆ ಏರಿಳಿತಗಳು ಬರುತ್ತವೆ. ಎಲ್-ಡೋಪವೂ ಕ್ಯಾಟಿಕಾಲೇ ಆದುದರಿಂದ ಇದೇ ತತ್ತ್ವದಿಂದ ಅದನ್ನು ಅಳೆಯಬಹುದು. ರಕ್ತದಲ್ಲಿ ಅದರ ಮಟ್ಟ ತಿಳಿದರೆ ಔಷಧದ ಹೊತ್ತನ್ನೂ ಪ್ರಮಾಣವನ್ನೂ ಆಯಾ ರೋಗಿಗೆ ತಕ್ಕಂತೆ ಹೊಂದಿಸಲು ವೈದ್ಯರಿಗೆ ನೆರವಾಗುತ್ತದೆ.

ಇವುಗಳಲ್ಲಿ ಬಹುಭಾಗ ಇನ್ನೂ ಪ್ರಯೋಗಶಾಲೆಯ ಮೇಜಿನ ಮೇಲಿದೆ. ಶುದ್ಧವಾದ ದ್ರಾವಣದಲ್ಲಿ ಸರಿಯಾಗಿ ಉತ್ತರಿಸಿದ ಫಲಕವು ರಕ್ತಮೂತ್ರಗಳ ಕಲಬೆರಕೆಯಲ್ಲಿ, ದಿನದಿನವೂ, ಒಂದೇ ಸಮನಾಗಿ ಉತ್ತರಿಸಬೇಕು. ನೂರು ಫಲಕಗಳನ್ನು ಮಾಡಿದರೆ ನೂರೂ ಒಂದೇ ಉತ್ತರವನ್ನು ಕೊಡಬೇಕು. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಅದು ರೋಗಿಯ ಹಾಸಿಗೆಯ ಬಳಿಗೆ ಬರಲು ಅರ್ಹವಾಗುತ್ತದೆ. ಉಪ್ಪಿನಕಾಯಿಯ ಭರಣಿಯ ದಾಯಾದಿಯೊಂದು ಅಷ್ಟು ದೂರ ಬಂದೀತೆ ಎಂಬುದು ಇನ್ನು ಮುಂದಿನ ಕೆಲಸದಿಂದ ತಿಳಿಯಬೇಕಾದ ಸಂಗತಿ.